ಕಲ್ಲಿದ್ದಲು ರಾಡಿ ಇಂಧನ: ಎರಡು ವರ್ಷ ಬಳಸಿದ ಅನುಭವ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಸ್ಟೀಮ್ ಇಲ್ಲದೆ ಕೆಲಸವೇ ಇಲ್ಲ. ಮೊದಲು ಬಾಯ್ಲರ್‌ಗೆ ಕಲ್ಲಿದ್ದಲು ಹಾಗೇ ಸುರಿಯುತ್ತಿದ್ದೆವು. ಹಿಂದಿನ ಬೀದಿಯ ಅಜ್ಜಿ ಮಾಳಿಗೆ ಮೇಲೆ ಹಪ್ಪಳ ಹಾಕಿದರೆ ಮಸಿ ಕೂರುತ್ತಿತ್ತು. ಅವರು ಬಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಕಲ್ಲಿದ್ದಲನ್ನು ನುಣ್ಣಗೆ ಅರೆದು ನೀರಲ್ಲಿ ಕಲಸಿ, ಆ ರಾಡಿಯನ್ನು ಉರಿಸುವ ಸೆಟ್ ಹಾಕಿಸಿದೆ. ಅದರಲ್ಲಿ ಅರೆಯುವ ಮಿಲ್, ಕಲಕುವ ಟ್ಯಾಂಕ್, ಪಂಪ್, ಬರ್ನರ್ ಇವೆ.

ನಾವು ತರಿಸುವುದು ಜಿ-12 ದರ್ಜೆಯ ಕಲ್ಲಿದ್ದಲು. ಕೆಜಿಗೆ ಸಿಗುವ ಶಾಖ 3701ರಿಂದ 4000 ಕಿಲೋ ಕ್ಯಾಲೊರಿ ಅಷ್ಟೆ, ಕಲ್ಲು ಜಾಸ್ತಿ. ಅಕ್ಕಿ ಜಾಲಿಸಿದ ಹಾಗೆ ಇದನ್ನೂ ನೀರಿನಲ್ಲಿ ಜಾಲಿಸಬೇಕು. ಭಾರದ ಕಲ್ಲು ಕೆಳಗಿಳಿಯುತ್ತದೆ, ಹಗುರ ಕಲ್ಲಿದ್ದಲು ಮೇಲೆ ಉಳಿಯುತ್ತದೆ. ಮೊದಲ ಮೂರು ತಿಂಗಳು ಸಮಯ ಉಳಿಸಲು ಹೋಗಿ ನಾನು ಇದನ್ನು ಬಿಟ್ಟಿದ್ದೆ. ಒಂದು ದಿನ ಉರಿ ಒಂದು ಕಡೆ ವಾಲಿ ಇಟ್ಟಿಗೆಗೆ ಬಡಿಯತೊಡಗಿತು. ರಾಡಿ ಚಿಮ್ಮಿಸುವ ನಾಜಲ್ ಬಿಚ್ಚಿ ನೋಡಿದರೆ ದುಂಡಗಿದ್ದ ತೂತು ಕಲ್ಲಿನ ಪುಡಿಯಿಂದ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಈಗ ತುದಿಗೆ ಬೇಗ ಸವೆಯದ ಟಂಗ್‌ಸ್ಟನ್ ಕಾರ್ಬೈಡ್ ಹಾಕಿಸಿದ್ದೇನೆ. ಜಾಲಿಸುವುದನ್ನಂತೂ ಬಿಟ್ಟಿಲ್ಲ.

ನೂರು ಕೆಜಿ ರಾಡಿಯಲ್ಲಿ 60 ಕಲ್ಲಿದ್ದಲು, 40 ನೀರು. ಕಾಳುಗಳು ಒಂದಕ್ಕೊಂದು ಅಂಟದಿರಲು ಒಂದು ಕೆಜಿಗಿಂತ ಕಡಿಮೆ ಲಿಗ್ನೋಸಲ್ಫೋನೇಟ್ ಎಂಬ ರಾಸಾಯನಿಕ. ದೋಸೆ ಹಿಟ್ಟಿನ ಹದ ಬಂದರೆ ಪಂಪ್ ಸಲೀಸಾಗಿ ಎಳೆಯುತ್ತದೆ. ಆದರೆ ನೀರು ಸುಮ್ನೆ ಹೋಗುವುದಿಲ್ಲ. ಒಂದು ಕೆಜಿ ನೀರು ಆವಿಯಾಗಲು ಸುಮಾರು 540 ಕಿಲೋ ಕ್ಯಾಲೊರಿ ಬೇಕು. ನಮ್ಮ ಲೆಕ್ಕದಲ್ಲಿ ನೂರಕ್ಕೆ ಎಂಟೊಂಬತ್ತು ಪಾಲು ಶಾಖ ಅದಕ್ಕೇ ಹೋಗುತ್ತದೆ. ತಣ್ಣಗಿರುವ ಒಲೆಯಲ್ಲಿ ರಾಡಿ ಹೊತ್ತಿಕೊಳ್ಳುವುದೂ ಇಲ್ಲ. ಬೆಳಗ್ಗೆ ಮೊದಲು ಡೀಸೆಲ್‌ನಲ್ಲಿ ಕಾಯಿಸಲೇಬೇಕು.

ಯುಗಾದಿ ರಜೆಗೆ ಕಲಕುವ ಮೋಟಾರ್ ನಿಲ್ಲಿಸಿ ಹೋಗಿದ್ದೆವು. ನಾಲ್ಕನೇ ದಿನ ಬಂದರೆ ಟ್ಯಾಂಕ್ ತಳದಲ್ಲಿ ಗಸಿ ಗಾರೆಯಂತೆ ಗಟ್ಟಿಯಾಗಿತ್ತು. ಉಳಿಯಿಂದ ಕೆತ್ತಿ ತೆಗೆಯಲು ಹುಡುಗರಿಗೆ ಒಂದೂವರೆ ದಿನ ಹಿಡಿಯಿತು.

ಹೊಗೆ? ನಿಜವಾಗಿ ಕಡಿಮೆ. ಅಂಗಳದಲ್ಲಿ ಕಲ್ಲಿದ್ದಲು ದೂಳು ಹಾರುವುದಿಲ್ಲ. ನೀರಿನಿಂದ ಉರಿಯ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಎಂಬ ಕೆಟ್ಟ ಅನಿಲ ಕೂಡ ಕಡಿಮೆಯಾಗುತ್ತದೆ. "ಈ ಸಲ ಹಪ್ಪಳ ಬೆಳ್ಳಗದಾವೆ ನೋಡಪ್ಪಾ" ಅಂತ ಅಜ್ಜಿ ಹೇಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ರಾಡಿ ಮಾಡಿದ ಮಾತ್ರಕ್ಕೆ ಗಂಧಕ ಹೋಗುವುದಿಲ್ಲ. ಜಾಲಿಸಿದಾಗ ಕಲ್ಲಿನ ಜೊತೆ ಸ್ವಲ್ಪ ಹೋದರೆ ಹೋಯಿತು. ಹೊಗೆಯಲ್ಲಿ ಬರುವ ಹಾರುಬೂದಿ ಹಿಡಿಯಲು ಬ್ಯಾಗ್ ಫಿಲ್ಟರ್, ಅಂದರೆ ಬಟ್ಟೆ ಚೀಲದ ಸೋಸುಕ, ಈಗಲೂ ಬೇಕು.

ಎರಡು ಪಾಳಿ ಬಾಯ್ಲರ್ ಓಡಿಸುವವರು ಧೈರ್ಯವಾಗಿ ಹಾಕಿಸಿ. ದಿನಕ್ಕೆ ನಾಲ್ಕು ಗಂಟೆ ಉರಿಸುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಕಾಯಿಸುವ ಡೀಸೆಲ್ ಖರ್ಚೇ ಲಾಭ ತಿಂದುಬಿಡುತ್ತದೆ.