ಬೆಳಿಗ್ಗೆ ಅತ್ತೆಯ ಸರಿ, ಮಧ್ಯಾಹ್ನ ಮಗನ ಕೈ

ಮಗನಿಗೆ ಆರು ತಿಂಗಳು ತುಂಬಿದ್ದೇ ತಡ, ನಮ್ಮನೆಯಲ್ಲಿ ಎರಡು ಪಕ್ಷ ಆಯಿತು. ಅತ್ತೆಯದು ರಾಗಿ ಸರಿ ಪಕ್ಷ. ನನ್ನದು ‘ಮುಂದೆ ಇಟ್ಟುಬಿಡಿ, ಅವನೇ ತಿನ್ನಲಿ’ ಪಕ್ಷ. ಜಗಳ ಯಾಕೆಂದು ಹೊತ್ತು ಹಂಚಿಕೊಂಡೆವು. ಬೆಳಿಗ್ಗೆ ಅತ್ತೆ ಸರಿ ತಿನ್ನಿಸುವುದು, ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಅವನೂ ಜೊತೆಗೆ ಕೂತು ಕೈಯಾರೆ ತಿನ್ನುವುದು. ಎರಡೂವರೆ ತಿಂಗಳು ಹೀಗೇ ನಡೆಯಿತು. ನಡುನಡುವೆ ಎದೆಹಾಲು ಇದ್ದೇ ಇತ್ತು.

ಸರಿಗೆ ಪುಡಿ ಮಾಡಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ್ಮೆನ್ನುವಷ್ಟು ಹುರಿದು, ಪುಡಿ ಮಾಡಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ದಿನಕ್ಕೆ ಹತ್ತು ನಿಮಿಷದ ಮಾತು. ಮೊಳಕೆಯೆಲ್ಲ ಬರೀ ಶಾಸ್ತ್ರ ಅಂದುಕೊಂಡು ಒಮ್ಮೆ ಅಂಗಡಿಯ ರಾಗಿ ಹಿಟ್ಟನ್ನೇ ಅದೇ ಅಳತೆಯಲ್ಲಿ ಕದಡಿ ಕಾಯಿಸಿದೆ. ಮುದ್ದೆಗೆ ನಾಲ್ಕು ಸುತ್ತು ಕಮ್ಮಿ! ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳ್ಳಗಿರುತ್ತದೆ. ಪುಟ್ಟ ಹೊಟ್ಟೆಗೆ ಕೆಲವೇ ಚಮಚದಲ್ಲಿ ಜಾಸ್ತಿ ಶಕ್ತಿ ಸೇರುತ್ತದೆ. ಈ ವಿಷಯದಲ್ಲಿ ಅತ್ತೆಗೇ ನೂರಕ್ಕೆ ನೂರು ಅಂಕ.

ಅವರು ತಿನ್ನಿಸಿದರೆ ಹದಿನೈದು ನಿಮಿಷಕ್ಕೆ ಬಟ್ಟಲು ಖಾಲಿ. ಆದರೆ ಕೊನೆಯ ನಾಲ್ಕು ಚಮಚ ನೋಡಬೇಕು. ಅವನು ಮುಖ ತಿರುಗಿಸುತ್ತಾನೆ, ತುಟಿ ಬಿಗಿಹಿಡಿಯುತ್ತಾನೆ. ಅತ್ತೆ ಸೊಂಟಕ್ಕೇರಿಸಿಕೊಂಡು ಬಾಲ್ಕನಿಗೆ ಹೋಗಿ ‘ಕಾಕಿ ನೋಡೋ, ಗುಬ್ಬಿ ನೋಡೋ’ ಅನ್ನುತ್ತಾರೆ. ಬೆರಗಿಗೆ ಬಾಯಿ ತೆರೆದುಕೊಂಡಾಗ ಚಮಚ ಒಳಗೆ ಹೋಗಿರುತ್ತದೆ. ಸಾಕು ಅನ್ನುವ ಅಧಿಕಾರ ಬಟ್ಟಲಿನದ್ದು, ಅವನದಲ್ಲ. ನನಗೆ ಹಿಡಿಸದೇ ಇದ್ದದ್ದು ಇದೊಂದೇ.

ಮಧ್ಯಾಹ್ನದ ಕತೆ ಬೇರೆ. ಮೊದಲ ವಾರ ಹೊಟ್ಟೆಗೆ ಹೋದದ್ದಕ್ಕಿಂತ ಕಿವಿಗೆ ಮೆತ್ತಿದ್ದು ಜಾಸ್ತಿ. ಆ ವಯಸ್ಸಿಗೆ ಮುಷ್ಟಿ ಹಿಡಿತವಷ್ಟೇ ಇರುವುದರಿಂದ ಸಣ್ಣ ಚೂರು ಕೊಟ್ಟರೆ ಮುಷ್ಟಿಯೊಳಗೇ ಮುಚ್ಚಿಹೋಗುತ್ತದೆ, ಬಾಯಿಗೆ ಸಿಗುವುದಿಲ್ಲ. ಬೆರಳುದ್ದದ ತುಂಡು ಬೇಕು, ಹಿಸುಕಿದರೆ ಜಜ್ಜಿಹೋಗುವಷ್ಟು ಬೆಂದಿರಬೇಕು. ಇಡ್ಲಿ ಬೆರಳ ಸಂದಿಯಲ್ಲಿ ಹೊರಬಂತು. ಸಿಹಿಗುಂಬಳ ಜಾರುತ್ತಿತ್ತು, ಒಂದು ಕಡೆ ಸಿಪ್ಪೆ ಬಿಟ್ಟು ಬೇಯಿಸಿದ ಮೇಲೆ ಹಿಡಿತಕ್ಕೆ ಸಿಕ್ಕಿತು. ಗೆಣಸು, ಆಮ್ಲೆಟ್ ಪಟ್ಟಿ, ಕಟ್ಟಿನಲ್ಲಿ ಅದ್ದಿದ ದೋಸೆ ಗೆದ್ದವು. ಬಾಳೆಹಣ್ಣೂ ಗೆದ್ದಿತು, ಆದರೆ ಅದರ ಕರೆ ಹತ್ತಿದ ಮೂರು ಅಂಗಿ ಇವತ್ತಿಗೂ ಕಂದು ಬಣ್ಣ. ಎಂಟು ತಿಂಗಳು ದಾಟಿದಾಗ ಒಂದು ದಿನ ಹೆಬ್ಬೆರಳು, ತೋರುಬೆರಳು ಸೇರಿಸಿ ತಟ್ಟೆಯಿಂದ ಒಂದೇ ಒಂದು ಅಗುಳು ಎತ್ತಿ, ಕಣ್ಣೆದುರು ಹಿಡಿದು ಪರೀಕ್ಷಿಸಿ, ಬಾಯಿಗಿಟ್ಟುಕೊಂಡ. ನಮ್ಮೆಲ್ಲರ ಊಟ ಅಲ್ಲೇ ನಿಂತಿತ್ತು.

ಭಯವೂ ಈ ಪಾಳಿಯಲ್ಲೇ ಜಾಸ್ತಿ. ಒಂದು ಮಧ್ಯಾಹ್ನ ದೊಡ್ಡ ಇಡ್ಲಿ ಚೂರು ಹಿಂದೆ ಹೋಗಿ, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು ಓಕರಿಸಿದ. ಅತ್ತೆ ಬಾಯಿಗೆ ಬೆರಳು ಹಾಕಲು ಬಂದರು. ತಡೆದೆ, ಯಾಕೆಂದರೆ ಕಾಣದೆ ಬೆರಳು ಹಾಕಿದರೆ ಚೂರು ಇನ್ನೂ ಒಳಗೆ ಹೋಗಬಹುದು. ಅವನೇ ಕೆಮ್ಮಿ ಉಗಿದ. ಸದ್ದು ಮಾಡಿ ಓಕರಿಸುವುದು ದೇಹದ ಕಾವಲು. ಸದ್ದೇ ಇಲ್ಲದೆ ತುಟಿ ನೀಲಿಗಟ್ಟಿದರೆ ಅದು ಅಪಾಯ. ಆಗ ಮಗುವನ್ನು ತಲೆ ತಗ್ಗಿಸಿ ಮಲಗಿಸಿ ಬೆನ್ನಿಗೆ 5 ಗುದ್ದು, ಮಗುಚಿ ಎದೆಗೆ 5 ಒತ್ತು ಕೊಡಬೇಕು; ಇದನ್ನು ಕಲಿಯದೆ ಶುರು ಮಾಡಬೇಡಿ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಸುಮಾರು 200 ಮಕ್ಕಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯಾರೆ ತಿನ್ನುವ ಮಕ್ಕಳಿಗೆ ಉಸಿರು ಕಟ್ಟಿದ್ದು ಚಮಚದ ಮಕ್ಕಳಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಆ ತಾಯಂದಿರಿಗೆ ಯಾವುದು ಕೊಡಬಾರದೆಂದು ಮೊದಲೇ ಹೇಳಿಕೊಟ್ಟಿದ್ದರು. ಇಡೀ ದ್ರಾಕ್ಷಿ, ಕಡಲೆಕಾಯಿ ಬೀಜ, ಹಸಿ ಕ್ಯಾರೆಟ್ ನಮ್ಮಲ್ಲೂ ಬಂದ್.

‘ಮನೆ ಊಟವನ್ನೇ ಕೊಡಿ’ ಅನ್ನುವವರು ಉಪ್ಪಿನ ಮಾತು ಆಡುವುದಿಲ್ಲ. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ. ಹಾಗಾಗಿ ಕುಕ್ಕರ್ ಇಳಿಸಿದ ತಕ್ಷಣ ಅವನ ಪಾಲಿನ ಬೇಳೆ, ತರಕಾರಿ ತೆಗೆದಿಟ್ಟು, ಆಮೇಲೆ ಹುಳಿಗೆ ಉಪ್ಪು, ಖಾರದ ಪುಡಿ. ಎರಡು ಸಲ ಮರೆತು, ಅವನಿಗೆ ಬರೀ ಅನ್ನ, ತುಪ್ಪ ಆಯಿತು. ಸರಿಗೆ ಕಲ್ಲುಸಕ್ಕರೆ ಹಾಕುವುದನ್ನು ಅತ್ತೆ ಬಿಟ್ಟದ್ದೂ ಡಾಕ್ಟರ್ ಬಾಯಲ್ಲಿ ಕೇಳಿದ ಮೇಲೇ.

ಯಾವುದು ಮೇಲು? ಒಂಬತ್ತಕ್ಕೆ ಆಫೀಸಿಗೆ ಓಡುವವರಿಗೆ ರಾಗಿ ಸರಿಯೇ ಮೇಲು. ಕೈಯೂಟಕ್ಕೆ ಮುಕ್ಕಾಲು ಗಂಟೆ ಎದುರು ಕೂರುವವರು ಬೇಕು, ನೆಲ ಒರೆಸುವವರೂ ಬೇಕು. ತೂಕ ಕಡಿಮೆಯಿರುವ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಾದರೆ ಡಾಕ್ಟರನ್ನು ಕೇಳದೆ ಕೈಗೇ ಬಿಡಬೇಡಿ. ನಮ್ಮಲ್ಲಿ ಎರಡೂ ಉಳಿದವು, ಕಾಕಿ ಗುಬ್ಬಿ ಮಾತ್ರ ರಜೆ ಮೇಲೆ ಹೋದವು. ಈಗ ಸರಿ ತುಂಬಿದ ಚಮಚವನ್ನು ಅತ್ತೆ ಅವನ ಕೈಗೇ ಕೊಡುತ್ತಾರೆ, ಮುಖ ತಿರುಗಿಸಿದರೆ ಬಟ್ಟಲು ಎತ್ತುತ್ತಾರೆ.

ಅವರ ಒಂದು ತಕರಾರು ಮಾತ್ರ ಇನ್ನೂ ಹೋಗಿಲ್ಲ: ‘ಎಲ್ಲರ ಕಣ್ಣೆದುರು ಕೂಸು ಹಾಗೆ ತಿಂದರೆ ದೃಷ್ಟಿ ತಾಗದೇ ಇರುತ್ತೇನಮ್ಮ?’ ಊಟ ಮುಗಿದ ಮೇಲೆ ಹಿಡಿ ಉಪ್ಪು ತಂದು ಅವನಿಗೆ ಮೂರು ಸುತ್ತು ನಿವಾಳಿಸುತ್ತಾರೆ. ಸದ್ಯಕ್ಕೆ ಅವನ ಪಾಲಿನ ಉಪ್ಪು ಅಷ್ಟೇ.