ಹಿಮದಿಂದ ಫ್ಲೈಟ್ ಕ್ಯಾನ್ಸಲ್ ಆದರೆ ಏಜೆನ್ಸಿಗೆ ರೀಫಂಡ್ ಹಾಕಲು ಬಿಡಬೇಡಿ

ಚಳಿಗಾಲದಲ್ಲಿ ಅಪ್ಪ ಅಮ್ಮನನ್ನು ಯುರೋಪ್ ಮೂಲಕ ಅಮೆರಿಕಕ್ಕೆ ಕಳಿಸುವವರು, ವಾಪಸ್ ಕರೆಸಿಕೊಳ್ಳುವವರು ದಯವಿಟ್ಟು ಓದಿ. ಟಿಕೆಟ್ ಆನ್‌ಲೈನ್ ಏಜೆನ್ಸಿಯಲ್ಲಿ ತೆಗೆದಿದ್ದರಂತೂ ಓದಲೇಬೇಕು.

2023ರ ಡಿಸೆಂಬರ್ 2, ಮ್ಯೂನಿಕ್. ಆ ಶನಿವಾರ ವಿಪರೀತ ಹಿಮ ಬಿದ್ದು ವಿಮಾನ ನಿಲ್ದಾಣವನ್ನೇ ಮುಚ್ಚಿದರು, ರೈಲೂ ನಿಂತಿತು. ಹಿಂದಿನ ದಿನ ಅಮೆರಿಕದಿಂದ ಬಂದಿಳಿದಿದ್ದ ನಮ್ಮ ಅಪ್ಪ ಅಮ್ಮನ ಬೆಂಗಳೂರು ಫ್ಲೈಟ್ ಮೊದಲು ತಡ ಅಂದರು, ಆಮೇಲೆ ಕ್ಯಾನ್ಸಲ್ ಅಂದರು. ಹಿಮ ಯಾರ ತಪ್ಪೂ ಅಲ್ಲ. ನನ್ನ ಸಿಟ್ಟು ಆಮೇಲೆ ನಡೆದದ್ದರ ಮೇಲೆ.

ಕೌಂಟರಿನಲ್ಲಿ ಹೋಟೆಲ್ ಚೀಟಿ ಕೊಟ್ಟರು. ಹೋಟೆಲ್ ಇರುವುದು ನಿಲ್ದಾಣದ ಹೊರಗೆ! ಶೆಂಗನ್ ವೀಸಾ (ಜರ್ಮನಿ ಸೇರಿ ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ವೀಸಾ) ಇಲ್ಲದ ಭಾರತೀಯ ಪಾಸ್‌ಪೋರ್ಟಿನವರು ಇಮಿಗ್ರೇಷನ್ ದಾಟುವುದು ಹೇಗೆ? ವಾಪಸ್ ಬಂದು ಕೇಳಿದರೆ, "ಚೀಟಿ ಕೊಟ್ಟಾಯಿತಲ್ಲ" ಎಂಬ ಉತ್ತರ. ಇಂಥ ಹೊತ್ತಿನಲ್ಲಿ ಗಡಿ ಪೊಲೀಸರ ಹತ್ತಿರ ತುರ್ತು ವೀಸಾ ಕೇಳಬಹುದು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ಕೇಳಬಹುದು ಅಂತಲೂ ಕೌಂಟರಿನವರು ಹೇಳಲಿಲ್ಲ. ಬಿಪಿ ಮಾತ್ರೆ ಚೆಕ್-ಇನ್ ಬ್ಯಾಗಿನಲ್ಲಿ, ಅಪ್ಪ ಕುರ್ಚಿಯ ಮೇಲೆ.

"ಹವಾಮಾನ, ನಮ್ಮ ಜವಾಬ್ದಾರಿ ಅಲ್ಲ" ಅಂದರೆ ನಂಬಬೇಡಿ. ಯುರೋಪಿಯನ್ ಒಕ್ಕೂಟದ (ಇಯು) ದೇಶಗಳಿಂದ ಹೊರಡುವ ಯಾವುದೇ ಏರ್‌ಲೈನ್‌ಗೂ ಇಯು 261 ಎಂಬ ಪ್ರಯಾಣಿಕರ ಹಕ್ಕಿನ ನಿಯಮ ಅನ್ವಯಿಸುತ್ತದೆ. ಹಿಮ ಬಿದ್ದರೆ 250ರಿಂದ 600 ಯೂರೋ ಪರಿಹಾರ ಸಿಗುವುದಿಲ್ಲ, ನಿಜ. ಊಟ, ವಸತಿ, ಹೋಟೆಲಿಗೆ ಹೋಗಿಬರುವ ವ್ಯವಸ್ಥೆ ಮಾತ್ರ ಕೊಡಲೇಬೇಕು. ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಯಿಂದ ನಿಂತ ಫ್ಲೈಟಿನ ಪ್ರಕರಣದಲ್ಲಿ 2013ರಲ್ಲೇ ಯುರೋಪಿನ ನ್ಯಾಯಾಲಯ ಇದನ್ನು ಖಚಿತವಾಗಿ ಹೇಳಿದೆ. ಅವರು ಕೊಡದಿದ್ದರೆ ನೀವೇ ಖರ್ಚು ಮಾಡಿ, ಬಿಲ್ ಇಟ್ಟುಕೊಂಡು ಆಮೇಲೆ ಕೇಳಿ.

ಇನ್ನು ಮೋಸದ ವಿಷಯ. ಕ್ಯಾನ್ಸಲ್ ಆದಾಗ ಎರಡು ಆಯ್ಕೆ: ಹಣ ವಾಪಸ್, ಇಲ್ಲವೇ ಬೇರೆ ಫ್ಲೈಟ್. ಹಣ ವಾಪಸ್ ಆರಿಸಿದರೆ ಊಟ, ಹೋಟೆಲ್, ಬೇರೆ ಫ್ಲೈಟ್ ಎಲ್ಲದರ ಹಕ್ಕೂ ಅಲ್ಲಿಗೇ ಮುಗಿಯಿತು. ನಾನು ಏಜೆನ್ಸಿಗೆ ಫೋನ್ ಮಾಡಿ ಬೇರೆ ಫ್ಲೈಟ್ ಕೇಳಿದೆ. ಆ ಕಡೆಯವನು ಏನಂದ ಗೊತ್ತಾ? "ಸರ್, ನಾವು ಆಗಲೇ ರೀಫಂಡ್‌ಗೆ ಹಾಕಿದ್ದೀವಿ, ನಿಮಗೆ ಅನುಕೂಲ ಆಗ್ಲಿ ಅಂತ." ಯಾರನ್ನು ಕೇಳಿ ಹಾಕಿದಿರಿ? "ಅದು ಸಿಸ್ಟಮ್ಮೇ ಮಾಡುತ್ತೆ ಸರ್." ಏರ್‌ಲೈನ್‌ಗೆ ಕೇಳಿದರೆ "ಟಿಕೆಟ್ ರೀಫಂಡ್ ಅಂತ ತೋರಿಸ್ತಿದೆ, ಏಜೆಂಟ್‌ನ ಕೇಳಿ." ಏಜೆಂಟ್ "ಏರ್‌ಲೈನ್‌ನ ಕೇಳಿ." ಮತ್ತೆ ಏರ್‌ಲೈನ್, ಮತ್ತೆ ಏಜೆಂಟ್. ಕೇಳದೇ ಹಾಕಿದ್ದಾರೆ, ಕೇಳದೇ! ಕೊನೆಗೆ ದುಪ್ಪಟ್ಟಿಗೂ ಹೆಚ್ಚು ಕೊಟ್ಟು ಹೊಸ ಟಿಕೆಟ್ ತೆಗೆದದ್ದು ನಾವು.

ಬುಕ್ ಮಾಡಿದ ದಿನವೇ ಏರ್‌ಲೈನ್‌ನ ಆರು ಅಕ್ಷರದ ಪಿಎನ್ಆರ್ ತೆಗೆದುಕೊಂಡು, ಅವರ ವೆಬ್‌ಸೈಟಿನಲ್ಲಿ ನಿಮ್ಮ ಮೊಬೈಲ್, ಇಮೇಲ್ ಸೇರಿಸಿ. ಎಷ್ಟೋ ಏಜೆನ್ಸಿಗಳು ತಮ್ಮದನ್ನೇ ಹಾಕಿರುತ್ತವೆ, ಕ್ಯಾನ್ಸಲ್ ಸುದ್ದಿ ಮೊದಲು ಹೋಗುವುದು ಅವರಿಗೆ. ಸುದ್ದಿ ಬಂದ ಕೂಡಲೇ "ರೀಫಂಡ್ ಬೇಡ, ಬೇರೆ ಫ್ಲೈಟ್ ಬೇಕು" ಅಂತ ಇಬ್ಬರಿಗೂ ಇಮೇಲ್ ಮಾಡಿ.

ರನ್‌ವೇ ತೆರೆಯಿತು ಅಂದ ಮಾತ್ರಕ್ಕೆ ನಿಮ್ಮ ಫ್ಲೈಟ್ ಹಾರುವುದಿಲ್ಲ. ಹಿಮವಿದ್ದಾಗ ರೆಕ್ಕೆಯ ಮೇಲೆ ಮೊದಲು ಬಿಸಿ ದ್ರವ ಹೊಡೆದು ಮಂಜುಗಡ್ಡೆ ಕರಗಿಸಬೇಕು, ಆಮೇಲೆ ಮತ್ತೆ ಕಟ್ಟದಂತೆ ದಪ್ಪ ದ್ರವ. ಅದರ ಅವಧಿ ಮುಗಿಯುವುದರೊಳಗೆ ಟೇಕಾಫ್ ಆಗದಿದ್ದರೆ ವಾಪಸ್ ಬಂದು ಮತ್ತೆ ಹೊಡೆಸಬೇಕು. ಅಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಅವಧಿಯೇ ಮುಗಿದಿರಬಹುದು. ಮಾತ್ರೆ, ಚಾರ್ಜರ್, ಸ್ವೆಟರ್ ಕೈಚೀಲದಲ್ಲೇ ಇರಲಿ.

ಬ್ಯಾಗ್ ಬರದಿದ್ದರೆ ನಿಲ್ದಾಣದಲ್ಲೇ ಪಿಐಆರ್ (ಬ್ಯಾಗ್ ಬಂದಿಲ್ಲ ಎಂಬ ವರದಿ) ಬರೆಸಿ. ತಡವಾಗಿ ಕೈಗೆ ಬಂದರೆ 21 ದಿನದೊಳಗೆ ಲಿಖಿತ ದೂರು ಕೊಡಿ.

ಏಜೆನ್ಸಿ ನಮ್ಮ ರೀಫಂಡನ್ನೂ ತನ್ನ ವಾಲೆಟ್‌ಗೆ ಹಾಕಿಕೊಂಡಿತ್ತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಬ್ಯಾಂಕಿಗೆ ಬಂತು. ಕನ್ವೀನಿಯನ್ಸ್ ಫೀ ಇನ್ನೂ ಬಂದಿಲ್ಲ.