ವೈ-ಪ್ಲಾನ್ ಉಳಿಸಿಕೊಳ್ಳಲಾ, ಎಸ್-ಪ್ಲಾನ್ ಮಾಡಿಸಲಾ?

ಇಂಗ್ಲೆಂಡಿನ ಹಳೇ ಮನೆ, ಬಿಸಿನೀರಿನ ಸಿಲಿಂಡರ್, ಕೆಟ್ಟ ವಾಲ್ವ್. ಹಾಗಿದ್ರೆ ಈ ಪ್ರಶ್ನೆ ಬಂದೇ ಬರುತ್ತೆ. ಬಾಯ್ಲರ್ ಕಾಯಿಸಿದ ನೀರನ್ನ ಕೋಣೆ ಬೆಚ್ಚಗಿಡೋ ರೇಡಿಯೇಟರ್‌ಗೂ ಸಿಲಿಂಡರ್‌ಗೂ ಹಂಚೋ ಎರಡು ವಿಧಾನ ಇವು. ವೈ-ಪ್ಲಾನ್‌ನಲ್ಲಿ ಮೂರು ಬಾಯಿಯ ಒಂದೇ ವಾಲ್ವ್. ಎಸ್-ಪ್ಲಾನ್‌ನಲ್ಲಿ ಎರಡು ಬಾಯಿಯ ಎರಡು ವಾಲ್ವ್: ರೇಡಿಯೇಟರ್‌ಗೊಂದು, ಸಿಲಿಂಡರ್‌ಗೊಂದು.

ಖರ್ಚು ನೋಡಿದ್ರೆ, ಇದ್ದ ವೈ-ಪ್ಲಾನ್‌ಗೆ ಹೊಸ ವಾಲ್ವ್ ಹಾಕೋದೇ ಅಗ್ಗ. ಎಷ್ಟೋ ಸಲ ಮೋಟಾರ್ ಇರುವ ತಲೆ ಬದಲಿಸಿದ್ರೆ ಸಾಕು, ನೀರು ಖಾಲಿ ಮಾಡಬೇಕಿಲ್ಲ. ಎಸ್-ಪ್ಲಾನ್‌ಗೆ ಪೈಪ್ ಕತ್ತರಿಸಬೇಕು. ಎರಡೂ ವಾಲ್ವ್ ಮುಚ್ಚಿದಾಗ ನೀರಿಗೆ ದಾರಿ ಬೇಕಲ್ವಾ, ಅದಕ್ಕೆ ಬೈಪಾಸ್ ಕೂಡ ಬೇಕಾಗಬಹುದು.

ವೈರಿಂಗ್‌ನಲ್ಲಿ ನನಗೆ ಎಸ್-ಪ್ಲಾನ್ ಇಷ್ಟ. ಥರ್ಮೋಸ್ಟಾಟ್ (ಬಿಸಿ ಎಷ್ಟಿದೆ ಅಂತ ನೋಡೋ ಸ್ವಿಚ್) ಕಂದು ತಂತಿಗೆ ಕರೆಂಟ್ ಕೊಡುತ್ತೆ, ವಾಲ್ವ್ ತೆರೆಯುತ್ತೆ, ಒಳಗಿನ ಪುಟ್ಟ ಸ್ವಿಚ್ ಬೂದು ಮತ್ತು ಕಿತ್ತಳೆ ತಂತಿ ಸೇರಿಸಿ ಬಾಯ್ಲರ್ ಹಚ್ಚುತ್ತೆ. ತಪ್ಪು ಹುಡುಕೋದು ಸುಲಭ. ವೈ-ಪ್ಲಾನ್‌ನಲ್ಲಿ ಬೂದು ತಂತಿಯ ಕೆಲಸವೇ ಬೇರೆ: ‘ಬಿಸಿನೀರು ಸಾಕು’ ಅಂತ ಹೇಳೋದು. ಹಾಗಾಗಿ ಬಣ್ಣ ನೋಡಿ ಸುಮ್ನೆ ಜೋಡಿಸಬೇಡಿ. ಎಸ್-ಪ್ಲಾನ್‌ನ ಬೂದು ತಂತಿಯಲ್ಲಿ ವಾಲ್ವ್ ಮುಚ್ಚಿದ್ದಾಗಲೂ ಕರೆಂಟ್ ಇರುತ್ತೆ. ಮೊದಲು 3 ಆಂಪ್ ಫ್ಯೂಸಿನ ಸ್ವಿಚ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ.

ಚಿಕ್ಕ ಮನೆ, ಪೈಪ್ ಚೆನ್ನಾಗಿದೆ ಅಂದ್ರೆ ವೈ-ಪ್ಲಾನ್ ಉಳಿಸಿಕೊಳ್ಳಿ. ಮೇಲಿನ ಮಹಡಿಗೆ ಬೇರೆ ಥರ್ಮೋಸ್ಟಾಟ್ ಬೇಕು, ಹೇಗೂ ಬಾಯ್ಲರ್ ಬದಲಿಸ್ತಿದ್ದೀರಿ ಅಂದ್ರೆ ಎಸ್-ಪ್ಲಾನ್. ಆಮೇಲೆ ಇನ್ನೊಂದು ವಾಲ್ವ್ ಸೇರಿಸಬಹುದು.